ತಂಡ ಬಿಟ್ಟುಹೋದ ಮೈದಾನಗಳ ಹಾದಿಯಲ್ಲಿ

ಅಮೆರಿಕದ ಪಿಟ್ಸ್‌ಬರ್ಗ್ ನಗರದ ಓಕ್‌ಲೆಂಡ್ ಬಡಾವಣೆಯಲ್ಲಿ, ವಿಶ್ವವಿದ್ಯಾಲಯದ ಕಟ್ಟಡಗಳ ನಡುವೆ, ಹಳೆಯ ಇಟ್ಟಿಗೆ ಗೋಡೆಯೊಂದು ನಿಂತಿದೆ. ಪ್ರತಿ ವರ್ಷ ಅಕ್ಟೋಬರ್ 13ರ ಮಧ್ಯಾಹ್ನ ಜನ ಅದರ ಬುಡದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. 1960ರ ಅದೇ ದಿನ ನಡೆದ ಬೇಸ್‌ಬಾಲ್ ಪಂದ್ಯದ ರೇಡಿಯೊ ವೀಕ್ಷಕ ವಿವರಣೆಯನ್ನು ಮೊದಲಿನಿಂದ ಕೊನೆಯವರೆಗೆ ಕೇಳುತ್ತಾರೆ. ಸ್ಕೋರು ಎಲ್ಲರಿಗೂ ಬಾಯಿಪಾಠ. ಸರಿಯಾಗಿ 3 ಗಂಟೆ 36 ನಿಮಿಷಕ್ಕೆ ಬಿಲ್ ಮ್ಯಾಜರಾಸ್ಕಿ ಹೊಡೆದ ಚೆಂಡು ಬೇಲಿ ದಾಟುತ್ತದೆ, ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡ ನ್ಯೂಯಾರ್ಕ್ ಯಾಂಕೀಸನ್ನು 10–9ರಿಂದ ಸೋಲಿಸಿ ವರ್ಲ್ಡ್ ಸೀರೀಸ್ ಎಂಬ ಅಂತಿಮ ಸರಣಿಯನ್ನು ಗೆಲ್ಲುತ್ತದೆ, ನೆರೆದವರೆಲ್ಲ ಎದ್ದು ಕೂಗುತ್ತಾರೆ. ಆ ಸರಣಿಯ ಏಳು ಪಂದ್ಯಗಳಲ್ಲಿ ಯಾಂಕೀಸ್ ಗಳಿಸಿದ್ದು ಒಟ್ಟು 55 ಓಟ, ಪೈರೇಟ್ಸ್ ಕೇವಲ 27. ಹಾಗಿದ್ದೂ ಗೆದ್ದದ್ದು ಪೈರೇಟ್ಸ್. ಊರಿನವರು ಮರೆಯದಿರುವುದು ಸಹಜವೇ.

ಈ ಕೂಟವನ್ನು ಯಾವ ಕ್ರೀಡಾ ಸಂಸ್ಥೆಯೂ ಹುಟ್ಟುಹಾಕಲಿಲ್ಲ. 1985ರಲ್ಲಿ ಒಬ್ಬನೇ ಅಭಿಮಾನಿ ಟೇಪ್ ರೆಕಾರ್ಡರ್ ಹಿಡಿದು ಬಂದು ಗೋಡೆಯ ಬಳಿ ಕೂತು ಕೇಳಿದ. ಬರಬರುತ್ತಾ ಉಳಿದವರು ಸೇರಿಕೊಂಡರು. 1909ರಲ್ಲಿ ಕಟ್ಟಿದ ಫೋರ್ಬ್ಸ್ ಫೀಲ್ಡ್‌ನಿಂದ ತಂಡ 1970ರಲ್ಲಿ ಹೊರಟುಹೋಯಿತು; ಕ್ರೀಡಾಂಗಣವನ್ನು ಕೆಡವಿದರು. ಉಳಿದದ್ದು ಹೊರಗೋಡೆಯ ಒಂದು ಭಾಗ, ಧ್ವಜಸ್ತಂಭ, ಮತ್ತು ಪಕ್ಕದ ಪೋಸ್‌ವರ್ ಹಾಲ್ ಎಂಬ ಕಟ್ಟಡದ ನೆಲದಲ್ಲಿ ಗಾಜಿನಡಿ ಇಟ್ಟಿರುವ ಹೋಮ್ ಪ್ಲೇಟ್, ಅಂದರೆ ಬ್ಯಾಟ್ ಹಿಡಿದವನು ನಿಲ್ಲುವಲ್ಲಿ ಹೂಳುವ ಐದು ಮೂಲೆಯ ಬಿಳಿ ಹಲಗೆ. ತರಗತಿಗೆ ಓಡುವ ವಿದ್ಯಾರ್ಥಿಗಳು ದಿನವೂ ಅದನ್ನು ದಾಟಿ ಹೋಗುತ್ತಾರೆ.

ಅಮೆರಿಕದಲ್ಲಿ ಇಂಥ ಜಾಗಗಳನ್ನು ಹುಡುಕಿಕೊಂಡು ಕಾರಿನಲ್ಲಿ ಊರೂರು ಸುತ್ತುವವರ ದೊಡ್ಡ ಬಳಗವೇ ಇದೆ. ಕೂಪರ್ಸ್‌ಟೌನ್‌ಗೆ ಎಲ್ಲರೂ ಹೋಗುತ್ತಾರೆ. ಬೇಸ್‌ಬಾಲ್ ದಿಗ್ಗಜರನ್ನು ಗೌರವಿಸುವ, 1939ರಲ್ಲಿ ತೆರೆದ ಹಾಲ್ ಆಫ್ ಫೇಮ್ ಅಲ್ಲಿದೆ. ಈ ಆಟವನ್ನು ಅಬ್ನರ್ ಡಬಲ್‌ಡೇ ಎಂಬ ಸೈನ್ಯಾಧಿಕಾರಿ ಅಲ್ಲೇ ಕಂಡುಹಿಡಿದ ಎಂಬ ಕಥೆಯಿಂದ ಆ ಊರು ಪ್ರಸಿದ್ಧಿಗೆ ಬಂತು. ಆ ಕಥೆ ನಿಜವಲ್ಲ ಎಂದು ಇತಿಹಾಸಕಾರರು ತೋರಿಸಿಕೊಟ್ಟು ಎಷ್ಟೋ ಕಾಲವಾಗಿದೆ. ಚೆಂದದ ಊರು, ಒಳ್ಳೆಯ ವಸ್ತುಸಂಗ್ರಹಾಲಯ, ನೋಡಬಹುದು. ಆದರೆ ಆಟ ನಿಜಕ್ಕೂ ನಡೆದ ನೆಲ ಹೇಳುವುದನ್ನು ಗಾಜಿನ ಪೆಟ್ಟಿಗೆಯೊಳಗಿನ ಬ್ಯಾಟು ಹೇಳಲಾರದು.

ಬೇಸ್‌ಬಾಲ್‌ನಲ್ಲಿ ಓಡುವವನು ಮುಟ್ಟಬೇಕಾದ ಒಂದು ಬೇಸ್‌ನಿಂದ ಇನ್ನೊಂದಕ್ಕೆ 90 ಅಡಿ ಎಂಬುದು ಕಟ್ಟುನಿಟ್ಟು. ಬೇಲಿ ಎಷ್ಟು ದೂರ ಇರಬೇಕು ಎಂಬುದು ಮಾತ್ರ ಊರು ಬಿಟ್ಟುಕೊಟ್ಟ ಜಾಗದ ಮೇಲೆ ನಿಂತಿತ್ತು. ಹಳೆಯ ಮೈದಾನಗಳು ಟ್ರಾಮ್ ಹಳಿಯ ಪಕ್ಕ, ಮನೆ-ಕಾರ್ಖಾನೆಗಳ ನಡುವೆ, ಸಿಕ್ಕಷ್ಟು ನೆಲದಲ್ಲಿ ಎದ್ದವು. ಕ್ಲೀವ್‌ಲ್ಯಾಂಡ್‌ನ ಲೀಗ್ ಪಾರ್ಕ್‌ನಲ್ಲಿ ಅಕ್ಕಪಕ್ಕದ ಮನೆಯವರೂ ಸಾರಾಯಿ ಅಂಗಡಿಯವನೂ ಜಾಗ ಮಾರಲು ಒಪ್ಪಲಿಲ್ಲ. ಹಾಗಾಗಿ ಬಲಬದಿಯ ಬೇಲಿ ಬರೀ 290 ಅಡಿಗೆ ನಿಂತಿತು. ಚೆಂಡು ಸುಲಭವಾಗಿ ಹಾರಿಹೋಗದಂತೆ ಅದನ್ನು 40 ಅಡಿ ಎತ್ತರಿಸಿದರು. ಬೇಲಿ ದಾಟಿಸುವ ಹೊಡೆತಕ್ಕೆ ಹೋಮ್ ರನ್ ಎನ್ನುತ್ತಾರೆ; ಪ್ರಸಿದ್ಧ ಆಟಗಾರ ಬೇಬ್ ರೂತ್ ತನ್ನ 500ನೇ ಹೋಮ್ ರನ್ ಹೊಡೆದದ್ದು 1929ರಲ್ಲಿ ಇಲ್ಲೇ. ನ್ಯೂಯಾರ್ಕಿನ ಪೋಲೊ ಗ್ರೌಂಡ್ಸ್‌ನಲ್ಲಿ ಬಲ ಅಂಚಿಗೆ 258 ಅಡಿಯಾದರೆ ನಡುಮಧ್ಯಕ್ಕೆ 480 ಅಡಿ ಮೀರಿದ ದೂರ. 1954ರ ವರ್ಲ್ಡ್ ಸೀರೀಸ್‌ನಲ್ಲಿ ವಿಲ್ಲಿ ಮೇಸ್ ಬೆನ್ನು ತಿರುಗಿಸಿ ಓಡುತ್ತಾ ಹೆಗಲ ಮೇಲಿಂದ ಬಂದ ಚೆಂಡನ್ನು ಹಿಡಿದದ್ದು ಆ ಅಗಾಧ ಬಯಲಿನಲ್ಲಿ. ಬೇರೆ ಮೈದಾನವಾಗಿದ್ದರೆ ಆ ಚೆಂಡು ಬೇಲಿಯಾಚೆ ಬಿದ್ದಿರುತ್ತಿತ್ತು.

ಎರಡನೇ ಮಹಾಯುದ್ಧದ ನಂತರ ಮನೆಮನೆಗೂ ಕಾರು ಬಂತು, ಹೆದ್ದಾರಿ ಬಂತು, ಜನ ಊರಾಚೆಯ ಬಡಾವಣೆಗಳಿಗೆ ಹೋದರು. ಟ್ರಾಮ್ ಕಾಲದ ಮೈದಾನಗಳಲ್ಲಿ ಕಾರು ನಿಲ್ಲಿಸಲು ಜಾಗವಿರಲಿಲ್ಲ. 1957 ಮುಗಿಯುತ್ತಲೇ ಡಾಜರ್ಸ್, ಜೈಂಟ್ಸ್ ಎರಡೂ ತಂಡಗಳು ನ್ಯೂಯಾರ್ಕ್ ತೊರೆದು ಕ್ಯಾಲಿಫೋರ್ನಿಯಾಗೆ ಹೋದವು. ಅಗ್ರ ದರ್ಜೆಯ ಮೇಜರ್ ಲೀಗ್‌ನಲ್ಲಿ ಕರಿಯರಿಗಿದ್ದ ಬಹಿಷ್ಕಾರವನ್ನು ಮುರಿದು ಜಾಕಿ ರಾಬಿನ್‌ಸನ್ 1947ರ ಏಪ್ರಿಲ್ 15ರಂದು ಕಣಕ್ಕಿಳಿದ ಡಾಜರ್ಸ್‌ನ ಬ್ರೂಕ್ಲಿನ್ ಅಂಗಣ ಎಬೆಟ್ಸ್ ಫೀಲ್ಡನ್ನು 1960ರಲ್ಲಿ ಕೆಡವಿದರು. ಕೆಡವುವ ಕಬ್ಬಿಣದ ಗುಂಡಿಗೆ ಬೇಸ್‌ಬಾಲಿನಂತೆ ಬಣ್ಣ ಬಳಿದಿದ್ದರು. ನಾಲ್ಕು ವರ್ಷಗಳ ನಂತರ ಅದೇ ಗುಂಡು ಜೈಂಟ್ಸ್ ತೊರೆದಿದ್ದ ಪೋಲೊ ಗ್ರೌಂಡ್ಸ್ ಮೇಲೂ ಬಿತ್ತು. ಎರಡೂ ಕಡೆ ಈಗ ಬಹುಮಹಡಿ ವಸತಿ ಕಟ್ಟಡಗಳು. ಪೋಲೊ ಗ್ರೌಂಡ್ಸ್‌ಗೆ ಇಳಿಯುತ್ತಿದ್ದ, 1913ರ ಜಾನ್ ಟಿ. ಬ್ರಶ್ ಮೆಟ್ಟಿಲುಗಳು ಮಾತ್ರ ಗುಡ್ಡದ ಮಗ್ಗುಲಲ್ಲಿ ಉಳಿದು ದುರಸ್ತಿ ಕಂಡಿವೆ.

ಮೊದಲ ಪ್ರವಾಸಕ್ಕೆ ನಾನು ಸೂಚಿಸುವ ದಾರಿ ಡೆಟ್ರಾಯಿಟ್, ಕ್ಲೀವ್‌ಲ್ಯಾಂಡ್, ಪಿಟ್ಸ್‌ಬರ್ಗ್. ಊರಿಂದೂರಿಗೆ ಎರಡು-ಮೂರು ಗಂಟೆಯ ಹಾದಿ ಅಷ್ಟೆ. ಡೆಟ್ರಾಯಿಟ್‌ನ ಟೈಗರ್ ಸ್ಟೇಡಿಯಂ ತೆರೆದದ್ದು 1912ರ ಏಪ್ರಿಲ್ 20ರಂದು, ಟೈಟಾನಿಕ್ ಮುಳುಗಿದ ವಾರವೇ. 1999ರಲ್ಲಿ ತಂಡ ಹೊಸ ಕ್ರೀಡಾಂಗಣಕ್ಕೆ ಹೋಯಿತು, ಹತ್ತು ವರ್ಷಗಳಲ್ಲಿ ಸ್ಟ್ಯಾಂಡುಗಳೆಲ್ಲ ನೆಲಸಮವಾದವು. ಬೇಲಿ ಹಾಕಿದ ಖಾಲಿ ಜಾಗದಲ್ಲಿ ಆಳೆತ್ತರ ಕಳೆ ಬೆಳೆಯಿತು. 2010ರಲ್ಲಿ ಊರಿನ ಕೆಲವರು ಹುಲ್ಲು ಕತ್ತರಿಸುವ ಯಂತ್ರ, ಕುಂಟೆ, ಸಲಿಕೆ ಹಿಡಿದು ಒಳಹೊಕ್ಕರು. ಯಾರ ಅಪ್ಪಣೆಯೂ ಇರಲಿಲ್ಲ, ಪೊಲೀಸರು ಬಂದು ಹೊರಗಟ್ಟಿದ್ದೂ ಉಂಟು. ಅವರು ಮತ್ತೆ ಬಂದರು. ವರ್ಷಗಟ್ಟಲೆ ಕಳೆ ಕಿತ್ತು, ಬೇಸ್‌ಗಳ ಹಾದಿಯ ಮಣ್ಣು ಸಮ ಮಾಡಿ, ಮಕ್ಕಳು ಆಡುವಂತೆ ಮಾಡಿದರು. ತಮ್ಮನ್ನು ನೇವಿನ್ ಫೀಲ್ಡ್ ಗ್ರೌಂಡ್ಸ್ ಕ್ರೂ ಎಂದು ಕರೆದುಕೊಂಡರು. ನೇವಿನ್ ಫೀಲ್ಡ್ ಎಂಬುದು ಆ ಮೈದಾನದ ಮೊದಲ ಹೆಸರು. 2018ರಲ್ಲಿ ಅಲ್ಲಿ ಮಕ್ಕಳ ಕ್ರೀಡಾ ಸಂಸ್ಥೆಯೊಂದರ ಹೊಸ ಅಂಗಣ ತೆರೆಯಿತು. ಆದರೆ ಹಾಸಿದ್ದು ಕೃತಕ ಹುಲ್ಲು. ಹಿಂದಿನ ತಾರೆ ಟೈ ಕಾಬ್ ಓಡಿದ ನೆಲದ ಮೇಲೆ ಪ್ಲಾಸ್ಟಿಕ್ ಬೇಡ ಎಂದು ಈ ಸ್ವಯಂಸೇವಕರು ಪ್ರತಿಭಟಿಸಿದರು, ಫಲಿಸಲಿಲ್ಲ. ಮಕ್ಕಳಿಗೆ ವರ್ಷದ ಹೆಚ್ಚು ದಿನ ಆಡಲು ಸಿಗುತ್ತದೆ ಎಂಬ ವಾದವನ್ನು ನಾನು ಒಪ್ಪುತ್ತೇನೆ. ಆದರೂ ಅಷ್ಟು ಕಾಲ ಬೆವರು ಸುರಿಸಿದವರ ಮಾತಿಗೆ ಬೆಲೆ ಸಿಗಬೇಕಿತ್ತು ಎಂದೇ ನನ್ನ ಭಾವನೆ.

ತಂಡದ ಒಡೆಯರು ಬಿಟ್ಟುಹೋದದ್ದನ್ನು ಜನ ಕಾಯ್ದುಕೊಂಡರು ಎಂಬುದು ಈ ಹಾದಿಯುದ್ದಕ್ಕೂ ಕಾಣುವ ಸಂಗತಿ. ಆದರೆ ಕಾಯ್ದುಕೊಳ್ಳಲು ಮೊದಲು ಏನಾದರೂ ಇರಬೇಕಲ್ಲ? ಕರಿಯ ಆಟಗಾರರ ನೀಗ್ರೊ ಲೀಗ್‌ಗಳ ಹೆಚ್ಚಿನ ತಂಡಗಳಿಗೆ ಸ್ವಂತ ಮೈದಾನವಿರಲಿಲ್ಲ. ಬಿಳಿಯರ ಮೈದಾನವನ್ನು ಬಾಡಿಗೆಗೆ ಹಿಡಿದರೂ ಬಟ್ಟೆ ಬದಲಿಸುವ ಕೋಣೆಗೆ ಅವರನ್ನು ಬಿಡದ ಕಡೆಗಳಿದ್ದವು. ಆ ಅವಮಾನ ಬೇಡವೆಂದು ಪಿಟ್ಸ್‌ಬರ್ಗ್‌ನ ಕರಿಯ ಉದ್ಯಮಿ ಗಸ್ ಗ್ರೀನ್‌ಲೀ 1932ರಲ್ಲಿ ಸ್ವಂತ ಹಣದಿಂದ ಗ್ರೀನ್‌ಲೀ ಫೀಲ್ಡ್ ಕಟ್ಟಿಸಿದ. ನೀಗ್ರೊ ಲೀಗ್‌ಗಳ ದಿಗ್ಗಜರಾದ ಸ್ಯಾಚೆಲ್ ಪೇಜ್, ಜಾಶ್ ಗಿಬ್ಸನ್, ಕೂಲ್ ಪಾಪಾ ಬೆಲ್ ಅಲ್ಲಿ ಆಡಿದರು. ಆರೇ ವರ್ಷ. 1938ರಲ್ಲಿ ವಸತಿ ಯೋಜನೆಗಾಗಿ ಅದನ್ನು ಕೆಡವಿದರು. ಈಗ ಅಲ್ಲಿ ಒಂದು ಸರ್ಕಾರಿ ಫಲಕವಿದೆ, ಅದೂ ಎಷ್ಟೋ ದಶಕಗಳ ನಂತರ ಬಂದದ್ದು.

ಅದೇ ಊರಿನ ಅಲೆಘೇನಿ ಸ್ಮಶಾನಕ್ಕೆ ತಪ್ಪದೆ ಹೋಗಬೇಕು. ಜಾಶ್ ಗಿಬ್ಸನ್ 1947ರ ಜನವರಿಯಲ್ಲಿ, ರಾಬಿನ್‌ಸನ್ ಕಣಕ್ಕಿಳಿಯುವ ಮೂರು ತಿಂಗಳ ಮುಂಚೆ, 35ರ ವಯಸ್ಸಿಗೆ ತೀರಿಕೊಂಡ. 1972ರಲ್ಲಿ ಹಾಲ್ ಆಫ್ ಫೇಮ್ ಅವನನ್ನು ಸೇರಿಸಿಕೊಂಡಾಗಲೂ ಅವನ ಗೋರಿಯ ಮೇಲೆ ಕಲ್ಲಿರಲಿಲ್ಲ, 1975ರಲ್ಲಿ ಬಂತು. ನೀಗ್ರೊ ಲೀಗ್‌ಗಳ ಅಂಕಿಅಂಶವನ್ನು ಮೇಜರ್ ಲೀಗ್ ತನ್ನ ದಾಖಲೆಗೆ ಸೇರಿಸಿಕೊಂಡದ್ದು 2024ರಲ್ಲಿ. ಆಗ ಬ್ಯಾಟಿಂಗ್ ಸರಾಸರಿಯ ಪಟ್ಟಿಯ ತುದಿಯಲ್ಲಿದ್ದ ಟೈ ಕಾಬ್‌ನನ್ನು ಹಿಂದಿಕ್ಕಿ ಗಿಬ್ಸನ್ ಮೊದಲನೆಯವನಾದ.

ದಕ್ಷಿಣಕ್ಕೆ ಹೋಗಲು ಬಿಡುವಿದ್ದವರು ಅಲಬಾಮದ ಬರ್ಮಿಂಗ್‌ಹ್ಯಾಮ್ ನೋಡಬೇಕು. 1910ರ ಆಗಸ್ಟ್ 18ರಂದು ತೆರೆದ ರಿಕ್‌ವುಡ್ ಫೀಲ್ಡ್ ಅಮೆರಿಕದ ಅತ್ಯಂತ ಹಳೆಯ ವೃತ್ತಿಪರ ಬೇಸ್‌ಬಾಲ್ ಅಂಗಣ. ಬಿಳಿಯರ ಬ್ಯಾರನ್ಸ್, ಕರಿಯರ ಬ್ಲ್ಯಾಕ್ ಬ್ಯಾರನ್ಸ್ ಇಬ್ಬರಿಗೂ ಇದೇ ಅಂಗಣ. ಜೊತೆಗೂಡಿ ಆಡುವಂತಿರಲಿಲ್ಲ, ಜೊತೆಗೂಡಿ ಕೂತು ನೋಡುವಂತೆಯೂ ಇರಲಿಲ್ಲ. 1948ರಲ್ಲಿ 17 ವರ್ಷದ ವಿಲ್ಲಿ ಮೇಸ್ ಬ್ಲ್ಯಾಕ್ ಬ್ಯಾರನ್ಸ್‌ಗೆ ಆಡಿದ. ಬ್ಯಾರನ್ಸ್ ಪಂದ್ಯಗಳನ್ನು ರೇಡಿಯೊದಲ್ಲಿ ಬಣ್ಣಿಸಿ ಮನೆಮಾತಾದ ಬುಲ್ ಕಾನರ್ ಮುಂದೆ ರಾಜಕೀಯಕ್ಕಿಳಿದ. 1963ರಲ್ಲಿ ಸಮಾನ ಹಕ್ಕು ಕೇಳಿದ ಮಕ್ಕಳ ಮೇಲೆ ಪೊಲೀಸ್ ನಾಯಿ, ನೀರಿನ ಕೊಳವೆ ಬಿಡಿಸಿದವನು ಅವನೇ. ಬ್ಯಾರನ್ಸ್ 1987ರ ನಂತರ ಹೊಸ ಮೈದಾನಕ್ಕೆ ಹೋದ ಮೇಲೆ ಊರಿನವರು ಫ್ರೆಂಡ್ಸ್ ಆಫ್ ರಿಕ್‌ವುಡ್ ಎಂಬ ಸಂಘ ಕಟ್ಟಿ ಇದನ್ನು ಉಳಿಸಿದರು. 2024ರ ಜೂನ್ 20ರಂದು ಮೇಜರ್ ಲೀಗ್ ಪಂದ್ಯವೊಂದು ಮೇಸ್ ಗೌರವಾರ್ಥ ಇಲ್ಲಿ ನಡೆಯಿತು. ಎರಡು ದಿನ ಮುಂಚೆ ಮೇಸ್ ತೀರಿಕೊಂಡಿದ್ದ. ಅಂದು ನೇರಪ್ರಸಾರದಲ್ಲಿ ಹಿಂದಿನ ಕರಿಯ ತಾರೆ ರೆಗ್ಗಿ ಜಾಕ್ಸನ್, 1967ರಲ್ಲಿ ಇದೇ ಊರಿನಲ್ಲಿ ತನಗೆ ಹೋಟೆಲು, ಊಟದ ಮನೆಗಳ ಬಾಗಿಲು ಹೇಗೆ ಮುಚ್ಚಿತ್ತೆಂದು ಮುಚ್ಚುಮರೆಯಿಲ್ಲದೆ ಹೇಳಿದ. ಹಬ್ಬದ ದಿನ ಅದನ್ನು ಹೇಳಿದ್ದರಿಂದಲೇ ಆ ಹಬ್ಬಕ್ಕೆ ಅರ್ಥ ಬಂತು.

ಇದೇ ಅಲಬಾಮದಲ್ಲಿ ಹುಟ್ಟಿದ, ಚಿಕ್ಕಮಗಳೂರಿನ ಕಾಫಿ ಬೆಳೆಗಾರ ಮನೆತನದ ಹುಡುಗನೊಬ್ಬ ಬೇಸ್‌ಬಾಲ್ ಅಂಗಣವೊಂದರ ಚರಿತ್ರೆಯಲ್ಲಿ ಸೇರಿಹೋಗಿದ್ದಾನೆ. ಟೆಕ್ಸಾಸಿನ ಗ್ರ್ಯಾಂಡ್ ಪ್ರೇರಿಯಲ್ಲಿ 2008ರಲ್ಲಿ ಏರ್‌ಹಾಗ್ಸ್ ಎಂಬ ಸಣ್ಣ ತಂಡಕ್ಕೆ ಕಟ್ಟಿದ ಕ್ರೀಡಾಂಗಣ, ತಂಡ ಮುಚ್ಚಿದ ಮೇಲೆ ಕ್ರಿಕೆಟ್ಟಿಗೆ ಮಾರ್ಪಟ್ಟಿತು. 2024ರ ಜೂನ್ 6ರಂದು ಟಿ20 ವಿಶ್ವಕಪ್‌ನಲ್ಲಿ ಅಮೆರಿಕ ಅಲ್ಲಿ ಪಾಕಿಸ್ತಾನವನ್ನು ಸೂಪರ್ ಓವರ್‌ನಲ್ಲಿ ಸೋಲಿಸಿದಾಗ, ನೋಸ್ತುಷ್ ಕೆಂಜಿಗೆ ಎಂಬ ಆ ಹುಡುಗ 30 ರನ್ನಿಗೆ ಮೂರು ವಿಕೆಟ್ ಕಿತ್ತಿದ್ದ.

ಇಷ್ಟೆಲ್ಲ ಸುತ್ತಲು ಆಗದು, ಒಂದೇ ದಿನ ಇದೆ ಎನ್ನುವವರು ಡೆಟ್ರಾಯಿಟ್ ನಗರ ಬಹುತೇಕ ಸುತ್ತುವರಿದಿರುವ ಹ್ಯಾಮ್‌ಟ್ರಾಮ್ಯಾಕ್ ಎಂಬ ಪುಟ್ಟ ಊರಿಗೆ ಹೋಗಲಿ. ನೀಗ್ರೊ ಲೀಗ್‌ಗಳ ಅಂಗಣಗಳಲ್ಲಿ ಇನ್ನೂ ನಿಂತಿರುವವು ಬೆರಳೆಣಿಕೆಯಷ್ಟು. 1930ರಲ್ಲಿ ಕಟ್ಟಿದ ಇಲ್ಲಿನ ಕ್ರೀಡಾಂಗಣ ಅವುಗಳಲ್ಲೊಂದು. ಡೆಟ್ರಾಯಿಟ್ ಸ್ಟಾರ್ಸ್ ತಂಡದ ಟರ್ಕಿ ಸ್ಟರ್ನ್ಸ್ ಇಲ್ಲಿ ಆಡಿದ, ಆಟವಿಲ್ಲದ ತಿಂಗಳುಗಳಲ್ಲಿ ಕಾರು ಕಾರ್ಖಾನೆಯಲ್ಲಿ ದುಡಿದ. ಮೈದಾನಕ್ಕೆ ಈಗ ಅವನ ಹೆಸರಿದೆ. ಪಾಳುಬಿದ್ದಿದ್ದ ಸ್ಟ್ಯಾಂಡನ್ನು ಊರಿನವರ ಸಂಘವೊಂದು ವರ್ಷಗಟ್ಟಲೆ ಹಣ ಕೂಡಿಸಿ ದುರಸ್ತಿ ಮಾಡಿಸಿತು, 2022ರಲ್ಲಿ ಬಾಗಿಲು ತೆರೆಯಿತು. ಊರಿನಲ್ಲಿ ಬಾಂಗ್ಲಾದೇಶದಿಂದ ಬಂದು ನೆಲೆಸಿದವರು ಬಹಳ. ಹಾಗಾಗಿ ದುರಸ್ತಿಯ ಯೋಜನೆಯಲ್ಲಿ ಕ್ರಿಕೆಟ್ಟಿಗೂ ಜಾಗ ಕೊಟ್ಟರು.