ಟಿವಿಯಿಂದ ನೇರ ಕಿವಿಗೆ

ಅಜ್ಜ ಟಿವಿಯ ವಾಲ್ಯೂಮ್ ಏರಿಸುತ್ತಾರೆ, ಮೊಮ್ಮಗ ಬಂದು ಇಳಿಸುತ್ತಾನೆ. ಶ್ರವಣ ಸಾಧನ ಕೊಡಿಸಿದ ಮೇಲೂ ಈ ಜಗ್ಗಾಟ ನಿಲ್ಲದ ಮನೆಗಳು ಬಹಳ. ‘ಅಷ್ಟು ದುಡ್ಡು ಸುರಿದು ಕಿವಿ ಮಷಿನ್ ಹಾಕಿಸಿದರೂ ವಾರ್ತೆ ಅರ್ಥವಾಗುವುದಿಲ್ಲವಂತೆ’ ಎಂದು ಮನೆಯವರು ದೂರುತ್ತಾರೆ. ಅಜ್ಜನದು ತಪ್ಪಲ್ಲ, ಎಷ್ಟೋ ಸಲ ಸಾಧನದ್ದೂ ತಪ್ಪಲ್ಲ. ತೊಡಕಿರುವುದು ಟಿವಿಗೂ ಕಿವಿಗೂ ನಡುವಿನ ಹತ್ತು ಅಡಿ ದೂರದಲ್ಲಿ.

ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ ಶಬ್ದದ ಮಟ್ಟ 6 ಡೆಸಿಬೆಲ್ ಇಳಿಯುತ್ತದೆ. ಕೋಣೆಯೊಳಗೆ ಇಳಿಕೆ ಅಷ್ಟಿರದಿದ್ದರೂ, ಗೋಡೆಗೆ ಬಡಿದು ಮರಳುವ ಧ್ವನಿ, ಫ್ಯಾನಿನ ಸದ್ದು, ಅಡುಗೆಮನೆಯ ಕುಕ್ಕರ್ ಸೀಟಿ ಎಲ್ಲವೂ ಮಾತಿನೊಂದಿಗೆ ಬೆರೆಯುತ್ತವೆ. ಸಾಧನದ ಮೈಕ್ ಅಷ್ಟನ್ನೂ ಹಿಡಿಯುತ್ತದೆ. ವಯಸ್ಸಾದಂತೆ ಮೊದಲು ಕುಂದುವುದು ಕೀಚಲು ಧ್ವನಿಗಳನ್ನು, ಅಂದರೆ ಹೆಚ್ಚಿನ ಆವರ್ತನದ ಸದ್ದುಗಳನ್ನು ಕೇಳುವ ಶಕ್ತಿ. ಹಾಗಾಗಿ ಸ್ವರ ಕೇಳಿಸುತ್ತದೆ, ವ್ಯಂಜನ ಜಾರುತ್ತದೆ: ಕಾಲು, ಸಾಲು, ಪಾಲು ಮೂರೂ ಒಂದೇ ಆಗಿಬಿಡುತ್ತವೆ. ವಾಲ್ಯೂಮ್ ಏರಿಸಿದರೆ ಮಾತಿನ ಜೊತೆ ಅದರ ಪ್ರತಿಧ್ವನಿಯೂ ಏರುತ್ತದೆ.

ಈ ದೂರವನ್ನೇ ಅಳಿಸಿಹಾಕುವುದು ಸ್ಟ್ರೀಮಿಂಗ್. ಟಿವಿಯ ಧ್ವನಿ ಗಾಳಿಗೆ ಬೀಳುವ ಮೊದಲೇ ವಿದ್ಯುತ್ ಸಂಕೇತವಾಗಿ ಸಾಧನವನ್ನು ತಲುಪಿ, ಆಯಾ ಕಿವಿಯ ಶ್ರವಣ ಪರೀಕ್ಷೆಯ ನಕ್ಷೆಯಾದ ಆಡಿಯೋಗ್ರಾಮ್‌ಗೆ ತಕ್ಕಂತೆ ತಿದ್ದಿಕೊಂಡು ಒಳಸೇರುತ್ತದೆ. ಯೋಚನೆ ಹಳೆಯದು. ಬ್ರಿಟನ್ನಿನ ಜೋಸೆಫ್ ಪೋಲಿಯಾಕಾಫ್ 1937ರಲ್ಲೇ ತಂತಿಯ ಸುತ್ತಿನ ಕಾಂತಕ್ಷೇತ್ರದಿಂದ ಧ್ವನಿ ತಲುಪಿಸುವ ಇಂಡಕ್ಷನ್ ಲೂಪ್‌ಗೆ ಪೇಟೆಂಟ್ ಪಡೆದಿದ್ದರು. ಅದನ್ನು ಗ್ರಹಿಸುವ ಪುಟ್ಟ ಟೆಲಿಕಾಯಿಲ್ ಇಂದಿಗೂ ಹಲವು ಸಾಧನಗಳಲ್ಲಿದೆ. ತಮ್ಮ ಸಾಧನದಲ್ಲಿ ಅದಿದೆಯೆಂದು ತಿಳಿಯದವರೂ ಇದ್ದಾರೆ ಎನ್ನುವುದು ಬೇಸರದ ಸಂಗತಿ.

ಹಾಗಾದರೆ ಶ್ರವಣ ಸಾಧನಕ್ಕೆ ಬ್ಲೂಟೂತ್ ಇಷ್ಟು ತಡವಾಗಿ ಬಂದದ್ದೇಕೆ? ಹಳೆಯ ಬ್ಲೂಟೂತ್‌ನ ವಿದ್ಯುತ್ ಹಸಿವನ್ನು ಗುಂಡಿಯಷ್ಟು ಚಿಕ್ಕ ಝಿಂಕ್-ಏರ್ ಸೆಲ್ ತಾಳದು. ಅದಕ್ಕೇ ನಡುವಣ ಕೊಂಡಿಯಾಗಿ ಕೊರಳಿಗೆ ತೂಗುಹಾಕುವ ಸ್ಟ್ರೀಮರ್ ಬಂತು. 2014ರಲ್ಲಿ ಐಫೋನಿನಿಂದ ನೇರ ಧ್ವನಿ ಪಡೆಯುವ ಸಾಧನಗಳು ಮಾರುಕಟ್ಟೆಗೆ ಇಳಿದವು, ಆಮೇಲೆ ಆಂಡ್ರಾಯ್ಡ್‌ಗೂ ಅಂಥದೇ ವ್ಯವಸ್ಥೆಯಾಯಿತು. 2020ರಲ್ಲಿ ಘೋಷಣೆಯಾದ ಎಲ್‌ಇ ಆಡಿಯೊ ಎಂಬ ಮಿತವ್ಯಯದ ಬ್ಲೂಟೂತ್ ಈ ಬೇರೆಬೇರೆ ದಾರಿಗಳನ್ನು ಒಂದುಗೂಡಿಸುತ್ತಿದೆ. ಅದರ ಔರಾಕಾಸ್ಟ್ ಸೌಲಭ್ಯದಲ್ಲಿ ಒಂದೇ ಪ್ರಸಾರವನ್ನು ಸಭಾಂಗಣದಲ್ಲಿ ಕುಳಿತ ಎಷ್ಟು ಮಂದಿಯಾದರೂ ಕೇಳಬಹುದು. ನಮ್ಮ ರಂಗಮಂದಿರಗಳಿಗೆ ಇದು ಬರಲೇಬೇಕು.

ಟಿವಿಗೆ ಬೇಕಾದ ಇನ್ನೊಂದು ಗುಣ ವೇಗ. ಧ್ವನಿ 125 ಮಿಲಿಸೆಕೆಂಡ್‌ನಷ್ಟು ಹಿಂದೆ ಬಿದ್ದರೆ ತುಟಿಗೂ ಮಾತಿಗೂ ತಾಳ ತಪ್ಪಿದ್ದು ಕಣ್ಣಿಗೆ ಗೊತ್ತಾಗುತ್ತದೆ. ಸಾಮಾನ್ಯ ಬ್ಲೂಟೂತ್ ಇದನ್ನು ಸುಲಭವಾಗಿ ಮೀರುತ್ತದೆ. ಸಾಧನದ ಕಂಪನಿಯವರೇ ಮಾರುವ ಟಿವಿ ಅಡಾಪ್ಟರಿನಲ್ಲಿ ಈ ತಡ ಬಹಳ ಕಡಿಮೆ. ಅದನ್ನು ಆಪ್ಟಿಕಲ್ ಕಿಂಡಿಗೆ ಜೋಡಿಸಿದರೆ ಟಿವಿಯ ಸ್ಪೀಕರ್ ಸಾಮಾನ್ಯವಾಗಿ ಮೂಕವಾಗುವುದಿಲ್ಲ. ಮನೆಯವರು ತಮಗೆ ಹಿತವಾದ ಮಟ್ಟದಲ್ಲಿ, ಅಜ್ಜ ತಮ್ಮ ಮಟ್ಟದಲ್ಲಿ, ಒಟ್ಟಿಗೇ ಕೂತು ನೋಡಬಹುದು. ಹೀಗೆ ಒಟ್ಟಿಗೆ ಕೂರುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಲಾಭ.

ಸಂಗೀತದ ಕಥೆ ಕೊಂಚ ಬೇರೆ. ಮೈಕ್ ಮೂಲಕ ಕೊಳಲು ಕೇಳುವಾಗ ಅದರ ದೀರ್ಘ ನಾದವನ್ನು ಸಾಧನವು ತನ್ನದೇ ಸಿಳ್ಳೆಯೆಂದು ಬಗೆದು ಅಳಿಸಲು ಹೊರಡುವುದುಂಟು. ಸ್ಟ್ರೀಮಿಂಗ್‌ನಲ್ಲಿ ಆ ಗೊಂದಲವಿಲ್ಲ. ಆದರೆ ಕಿವಿಗೆ ತೂತಿನ ಸಡಿಲ ಬಿರಡೆ ಹಾಕಿದ್ದರೆ ಮಂದ್ರದ ಸ್ವರಗಳು ಹೊರಗೆ ಸೋರಿ ಮೃದಂಗ ಬಡಕಲಾಗುತ್ತದೆ. ಸ್ಟ್ರೀಮಿಂಗ್‌ಗೆಂದೇ ಮಂದ್ರ ಹೆಚ್ಚಿಸಿಕೊಡಲು ಆಡಿಯಾಲಜಿಸ್ಟರನ್ನು ಕೇಳಿ, ಬಿರಡೆ ಬದಲಿಸುವ ಮಾತನ್ನೂ ಎತ್ತಿ.

ಸಾಧನ ಕೊಳ್ಳಲು ಹೊರಟಾಗ ನಿಮ್ಮ ಫೋನನ್ನು ಕೈಯಲ್ಲಿ ಹಿಡಿದು, ಟಿವಿಯ ಹಿಂಬದಿಯ ಕಿಂಡಿಗಳ ಫೋಟೊ ತೆಗೆದುಕೊಂಡು ಹೋಗಿ. ಫೋನಿಗೆ ಜೋಡಿಸಿ ಕೇಳದೆ, ಟಿವಿಗೆ ಹೊಂದುತ್ತದೆಯೆಂದು ಖಚಿತಪಡಿಸಿಕೊಳ್ಳದೆ ಯಾವ ಮಾದರಿಗೂ ಹಣ ಕಟ್ಟಬೇಡಿ.