ಅತಿವಾಹಕ ತಂತಿಯ ತುದಿಗಳಲ್ಲಿ ಮಯೊರಾನಾ ಸ್ಥಿತಿಗಳು

ಕಣವೊಂದು ತನಗೆ ತಾನೇ ಪ್ರತಿಕಣವಾಗಿರಬಹುದೆಂದು ಇಟಲಿಯ ಎತ್ತೊರೆ ಮಯೊರಾನಾ 1937ರಲ್ಲಿ ಸೂಚಿಸಿದರು. ವಿದ್ಯುತ್ತು ಅಡೆತಡೆಯಿಲ್ಲದೆ ಹರಿಯುವ ಅತಿವಾಹಕ ತಂತಿಯ ಎರಡು ತುದಿಗಳಲ್ಲಿ ಅದೇ ಗುಣದ ಸ್ಥಿತಿಗಳು ನೆಲೆಸಬಲ್ಲವೆಂದು ಅಲೆಕ್ಸಿ ಕಿಟಾಯೆವ್ 2001ರಲ್ಲಿ ತೋರಿಸಿದರು. ಈ ಸ್ಥಿತಿಗಳಲ್ಲಿ ಇರಿಸಿದ ಕ್ವಾಂಟಮ್ ಮಾಹಿತಿ ಹೀಗೆ ದೂರದ ತುದಿಗಳಿಗೆ ಹಂಚಿಹೋದಾಗ, ಒಂದೆಡೆಯ ಸಣ್ಣ ಅಡಚಣೆ ಅದನ್ನು ಸುಲಭವಾಗಿ ಕೆಡಿಸಲಾರದು.

ಪ್ರಯೋಗದಲ್ಲಿ ಇಂಡಿಯಮ್ ಆರ್ಸೆನೈಡ್ ಎಂಬ ಅರೆವಾಹಕದ ನ್ಯಾನೊತಂತಿಗೆ ಅಲ್ಯೂಮಿನಿಯಮ್ಮನ್ನು ಜೋಡಿಸಿ, ನಿರಪೇಕ್ಷ ಶೂನ್ಯದ ಸಮೀಪಕ್ಕೆ ತಣಿಸಿ, ಕಾಂತಕ್ಷೇತ್ರವನ್ನೂ ವೋಲ್ಟೇಜನ್ನೂ ಹೊಂದಿಸಿ ಈ ಸ್ಥಿತಿಗಳನ್ನು ನಿಯಂತ್ರಿಸಲು ಯತ್ನಿಸಲಾಗುತ್ತದೆ. ಅಂಥ ತಂತಿಯಲ್ಲಿ ಶೂನ್ಯ ವೋಲ್ಟೇಜಿನ ಬಳಿ ವಾಹಕತೆ ಏರುವುದನ್ನು, ಮಯೊರಾನಾ ಸ್ಥಿತಿಯ ಸಂಭಾವ್ಯ ಕುರುಹಾಗಿ, ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ತಂಡ 2012ರಲ್ಲಿ ವರದಿ ಮಾಡಿತು. ಆ ಪ್ರಬಂಧದ ಮೊದಲ ಲೇಖಕ ಅನಿಂದ್ಯ ದಾಸ್ ಬಳಿಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ಆದರೆ ತಂತಿಯೊಳಗಿನ ದೋಷಗಳಿಂದಲೂ ಇಂಥದೇ ಏರಿಕೆ ಕಾಣಿಸಬಹುದಾದ್ದರಿಂದ, ಎರಡೂ ತುದಿಗಳನ್ನು ಒಟ್ಟಿಗೆ ಅಳೆಯುವ ಕಠಿಣತರ ಪರೀಕ್ಷೆಗಳು ಅನಿವಾರ್ಯವಾಗಿವೆ.