‘ರಿಸೆಂಟ್’ ಎಂಬ ಕ್ರಿಯಾಪದ

ಪರರ ನಡೆನುಡಿಯನ್ನು ಅವಮಾನವೆಂದೋ ಅನ್ಯಾಯವೆಂದೋ ಎಣಿಸಿ ಮನಸ್ಸಿನಲ್ಲಿ ಕಹಿ ತಾಳುವುದನ್ನು ಇಂಗ್ಲಿಷಿನ ‘ರಿಸೆಂಟ್’ ಕ್ರಿಯಾಪದವು ಸೂಚಿಸುತ್ತದೆ. ಇದನ್ನು ‘ಕರುಬು’ ಎಂದು ಅನುವಾದಿಸುವುದು ನಮಗೆ ಸರಿದೋರದು. ಕರುಬಿಗೆ ಪರರ ಏಳಿಗೆಯೇ ಸಾಕು, ಇದಕ್ಕೆ ತನಗೆ ನೋವಾಗಿರಬೇಕು.

17ನೆಯ ಶತಮಾನದ ಇಂಗ್ಲಿಷ್ ಪತ್ರಗಳನ್ನು ಓದುವ ಇತಿಹಾಸ ವಿದ್ಯಾರ್ಥಿಯಾದರೋ ಇನ್ನೂ ಎಚ್ಚರದಿಂದಿರಬೇಕು. ‘ಅನುಭವಿಸು’ ಎಂಬರ್ಥದ ಫ್ರೆಂಚ್ ಪದದಿಂದ ಬಂದ ಇದಕ್ಕೆ ಅಂದು ‘ಕೃತಜ್ಞತೆಯಿಂದ ಸ್ವೀಕರಿಸು’ ಎಂಬ ಅರ್ಥವೂ ಇದ್ದಿತು. 1755ರ ತಮ್ಮ ನಿಘಂಟಿನಲ್ಲಿ ಜಾನ್ಸನ್ನರು ಒಳಿತಾಗಿ ಇಲ್ಲವೆ ಕೆಡುಕಾಗಿ ಭಾವಿಸುವುದೆಂಬ ಅರ್ಥವನ್ನೇ ಮೊದಲು ಕೊಟ್ಟು, ಕೆಡುಕಿನ ಅರ್ಥವೇ ಆಗ ಹೆಚ್ಚು ರೂಢಿಯಲ್ಲಿದೆಯೆಂದು ತಿಳಿಸಿದ್ದಾರೆ. ಆದಕಾರಣ ಅಂಥ ಹಳೆಯ ಪತ್ರದಲ್ಲಿ ದೊರೆಯೊಬ್ಬನು ಕಾಣಿಕೆಯನ್ನು ‘ರಿಸೆಂಟ್’ ಮಾಡಿದನೆಂದಿದ್ದರೆ ಅವನು ಮುನಿದನೆಂದು ನಾವು ಕೂಡಲೆ ಬರೆಯಲಾಗದು, ಮೆಚ್ಚಿಯೂ ಇದ್ದಿರಬಹುದು.